ಕುತ್ತಿಗೆಗೆ ಕೃತಕ ಡಿಸ್ಕ್ ಹಾಕಿದ ಮೇಲೆ ಸುತ್ತ ಎಲುಬು ಬೆಳೆದರೆ: ವರದಿ ಓದೋದು ಹೆಂಗೆ, ಮುಂದೇನು?

ಮಂಡಕ್ಕಿ ಭಟ್ಟಿ (ದಾವಣಗೆರೆ)

ವಿಷಯ ಇಷ್ಟು. ರೋಗಿ ಗಂಡಸು, 52 ವರ್ಷ. ಸಿ5-6 ಜಾಗದಲ್ಲಿ, ಅಂದ್ರೆ ಕುತ್ತಿಗೆ ಬೆನ್ನೆಲುಬಿನ ಐದನೇ ಆರನೇ ಮಣಿ ನಡುವೆ, ಕೃತಕ ಡಿಸ್ಕ್ ಹಾಕಿ ಎರಡು ವರ್ಷ ಆಗೈತಿ. ಈಗ ತೆಗೆಸಿದ ಎಕ್ಸ್‌ರೇ ವರದಿಯಲ್ಲಿ "ಹೆಟೆರೊಟೋಪಿಕ್ ಆಸಿಫಿಕೇಶನ್, ದರ್ಜೆ 3" ಅಂತ ಬರೆದಾರ. ಕೈಯಲ್ಲಿ ಜೋಮು, ಸೆಳೆತ ಏನೂ ಇಲ್ಲ. ತಲೆ ಹಿಂದಕ್ಕೆ ಬಗ್ಗಿಸಿದಾಗ ಸ್ವಲ್ಪ ಬಿಗಿ, ಅಷ್ಟೇ. ದರ್ಜೆ 3 ಅಂದ್ರೆ ಡಿಸ್ಕ್ ಕೆಟ್ಟುಹೋಯ್ತು ಅಂತಾನಾ? ಬೆಳೆದ ಎಲುಬು ಕರಗಿಸೋ ಮಾತ್ರೆ ಇದೆಯಾ? ಮತ್ತೆ ಆಪರೇಷನ್ ಬೇಕಾ? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಕಲ್ಲಿನಕೋಟೆ (ಚಿತ್ರದುರ್ಗ, ಬೆನ್ನೆಲುಬು ಶಸ್ತ್ರಚಿಕಿತ್ಸೆ)

ಮೂರು ಪ್ರಶ್ನೆಗೂ ಚುಟುಕು ಉತ್ತರ: ಕೆಟ್ಟಿಲ್ಲ, ಅಂಥ ಮಾತ್ರೆ ಇಲ್ಲ, ನೀವು ಹೇಳಿದ ಲಕ್ಷಣಗಳಿಗೆ ಆಪರೇಷನ್ ಬೇಡ. ಈಗ ಬಿಡಿಸಿ ಹೇಳ್ತೀನಿ.

ಹೆಟೆರೊಟೋಪಿಕ್ ಆಸಿಫಿಕೇಶನ್ ಅಂದರೆ ಎಲುಬು ಇರಬಾರದ ಮೆದು ಜಾಗದಲ್ಲಿ ಎಲುಬು ಹುಟ್ಟಿಕೊಳ್ಳುವುದು. ವರದಿಗಳಲ್ಲಿ ಎಚ್‌.ಓ. ಅಂತ ಬರೆಯುತ್ತಾರೆ. ಕುತ್ತಿಗೆಯ ಕೃತಕ ಡಿಸ್ಕ್‌ಗೆ ಈಗ ಬಳಕೆಯಲ್ಲಿರುವ ದರ್ಜೆಗಳು 2006ರಲ್ಲಿ ಮೆಹ್ರೆನ್ ಮತ್ತು ಸಂಗಡಿಗರು ಪ್ರಕಟಿಸಿದವು. ಸೊಂಟದ ಡಿಸ್ಕ್‌ಗೆಂದು ಮ್ಯಾಕಫೀ 2003ರಲ್ಲಿ ಮಾಡಿದ್ದ ವಿಂಗಡಣೆಯನ್ನು ಅವರು ಕುತ್ತಿಗೆಗೆ ಹೊಂದಿಸಿದರು.

ದರ್ಜೆ 0: ಏನೂ ಇಲ್ಲ. ದರ್ಜೆ 1: ಮಣಿಯ ಮುಂದೆ ಎಲುಬು ಚಿಗುರಿದೆ, ಡಿಸ್ಕ್ ಜಾಗಕ್ಕೆ ಬಂದಿಲ್ಲ. ದರ್ಜೆ 2: ಡಿಸ್ಕ್ ಜಾಗದೊಳಕ್ಕೆ ಚಾಚಿದೆ, ಚಲನೆಗೆ ತೊಂದರೆ ಆಗಬಹುದು. ದರ್ಜೆ 3: ಮೇಲಿನ ಮಣಿಗೂ ಕೆಳಗಿನ ಮಣಿಗೂ ಎಲುಬಿನ ಸೇತುವೆ ಕಟ್ಟಿದೆ, ಆದರೆ ಡಿಸ್ಕ್ ಇನ್ನೂ ಅಲುಗಾಡುತ್ತಿದೆ. ದರ್ಜೆ 4: ಪೂರ್ತಿ ಬೆಸೆದುಕೊಂಡಿದೆ, ಬಗ್ಗಿದರೂ ಎತ್ತಿದರೂ ಅಲುಗಾಟವಿಲ್ಲ.

ಹಾಗಾಗಿ ನಿಮ್ಮ ವರದಿ ನಿಜವಾಗಿ ಹೇಳುತ್ತಿರುವುದು "ಚಲನೆ ಉಳಿದಿದೆ" ಅಂತ. ಇದು ಅಪರೂಪದ ಸಂಗತಿಯೂ ಅಲ್ಲ. ಆ 2006ರ ಅಧ್ಯಯನದಲ್ಲೇ ಒಂದು ವರ್ಷದ ಹೊತ್ತಿಗೆ ಸುಮಾರು ಮೂರನೇ ಎರಡು ಭಾಗ ಡಿಸ್ಕ್‌ಗಳ ಸುತ್ತ ಯಾವುದೋ ಒಂದು ದರ್ಜೆಯ ಎಲುಬು ಇತ್ತು. ಪೂರ್ತಿ ಬೆಸೆದದ್ದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ವರ್ಷ ಕಳೆದಂತೆ ಈ ಪ್ರಮಾಣ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ನಾನು ವರದಿ ನೋಡುವಾಗ ದರ್ಜೆಯ ಅಂಕಿಗಿಂತ ಮೊದಲು ಎರಡು ವಿಷಯ ನೋಡುತ್ತೇನೆ. ಡಿಸ್ಕ್ ಅಲುಗಾಡುತ್ತಿದೆಯೇ? ಬೆಳೆದ ಎಲುಬು ನರದ ದಾರಿಯನ್ನು ಒತ್ತುತ್ತಿದೆಯೇ? ಮೊದಲನೆಯದಕ್ಕೆ "ಇಲ್ಲ" ಅಂತ ಉತ್ತರ ಬಂದರೂ ಅನಾಹುತವೇನಿಲ್ಲ. ಆ ರೋಗಿಗೆ ಡಿಸ್ಕ್ ತೆಗೆದು ಎರಡು ಮಣಿ ಬೆಸೆಯುವ ಹಳೆಯ ಫ್ಯೂಷನ್ ಆಪರೇಷನ್ ಮಾಡಿದಂತಾಯಿತು, ಅಷ್ಟೇ. ಕೊಟ್ಟ ಹಣಕ್ಕೆ ಚಲನೆ ಸಿಗಲಿಲ್ಲ ಅನ್ನುವ ಬೇಸರ ಇರಬಹುದು, ಆದರೆ ನರ ಬಿಡುಗಡೆಯಾಗಿದ್ದರೆ ಕೈನೋವು ಮರಳಬೇಕಾಗಿಲ್ಲ. ಎರಡನೆಯದಕ್ಕೆ "ಹೌದು" ಅಂತ ಬಂದರೆ ಮಾತ್ರ ಕೂತು ಯೋಚಿಸಬೇಕು.

ಎಕ್ಸ್‌ರೇ ಕೋಣೆ (ದಾವಣಗೆರೆ)

ಸರ್ ಹೇಳಿದ್ದರಲ್ಲಿ "ಅಲುಗಾಡುತ್ತಿದೆಯೇ" ಅನ್ನೋದು ಪೂರಾ ನಿಂತಿರೋದು ಫಿಲ್ಮ್ ತೆಗೆದ ರೀತಿ ಮೇಲೆ. ಕೆಟ್ಟ ಫಿಲ್ಮ್‌ನಿಂದ ದರ್ಜೆ 3 ಇದ್ದದ್ದು ದರ್ಜೆ 4 ಆಗಿಬಿಡ್ತದೆ. ಅದಕ್ಕೆ ಇದನ್ನ ಸ್ವಲ್ಪ ಉದ್ದ ಬರೀತೀನಿ.

ಬೇಕಾಗಿರೋದು ಪಕ್ಕದಿಂದ ತೆಗೆದ ಮೂರು ಫಿಲ್ಮ್: ನೇರ, ಗದ್ದ ಎದೆಗೆ ಬಗ್ಗಿಸಿ, ತಲೆ ಪೂರ್ತಿ ಹಿಂದಕ್ಕೆ ಎತ್ತಿ. ಜೊತೆಗೆ ಎದುರಿನಿಂದ ಒಂದು. ಟ್ಯೂಬಿಗೂ ಫಿಲ್ಮಿಗೂ 180 ಸೆಂ.ಮೀ. ದೂರ ಇಡಬೇಕು, ಮೂರಕ್ಕೂ ಅದೇ ದೂರ. ಹತ್ತಿರ ಇಟ್ರೆ ಚಿತ್ರ ಹಿಗ್ಗುತ್ತದೆ, ಹೋದ ವರ್ಷದ ಫಿಲ್ಮ್ ಜೊತೆ ಹೋಲಿಸೋಕೆ ಬರಲ್ಲ. ರೋಗಿ ನಿಂತಿರಬೇಕು ಇಲ್ಲಾ ಕೂತಿರಬೇಕು, ಮಲಗಿಸಿ ತೆಗೆದದ್ದು ಈ ಕೆಲಸಕ್ಕೆ ಬೇಡ.

ಭುಜ ಕೆಳಗೆ ಎಳೆದಿರಬೇಕು. ದಪ್ಪ ಭುಜದವರಲ್ಲಿ ಸಿ6-7 ಕಾಣೋದೇ ಇಲ್ಲ. ಎರಡೂ ಕೈಯಲ್ಲಿ ಸಮ ತೂಕ ಹಿಡಿಸಿ, ಉಸಿರು ಪೂರ್ತಿ ಹೊರಗೆ ಬಿಡಿಸಿ ತೆಗೀತೀವಿ. ಆಗಲೂ ಕಾಣದಿದ್ರೆ ಒಂದು ಕೈ ಮೇಲೆತ್ತಿಸಿ ಸ್ವಿಮ್ಮರ್ಸ್ ವ್ಯೂ.

ತಲೆ ಸ್ವಲ್ಪ ತಿರುಗಿದ್ರೂ ಡಿಸ್ಕ್‌ನ ಲೋಹದ ತಟ್ಟೆ ಜೋಡಿ ಗೆರೆಯಾಗಿ ಕಾಣಿಸ್ತದೆ. ಆ ಫಿಲ್ಮ್ ಮೇಲೆ ಕೋನ ಅಳೆಯಬಾರದು, ಮತ್ತೆ ತೆಗೀಬೇಕು.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸೋದು ಏನಂದ್ರೆ, ರೋಗಿ ಹೆದರಿಕೊಂಡು ಅರ್ಧಕ್ಕೇ ಬಗ್ಗಿಸಿರ್ತಾನೆ. ಕತ್ತು ಬಗ್ಗಿಸದೆ ಸೊಂಟ ಬಗ್ಗಿಸಿ ನಿಂತಿರ್ತಾನೆ. ಫಿಲ್ಮ್‌ನಲ್ಲಿ ಮೇಲಿನ ಕೆಳಗಿನ ಮಣಿಗಳೂ ಕದಲಿಲ್ಲ ಅಂದ್ರೆ ಅವನು ಬಗ್ಗಿಸೇ ಇಲ್ಲ ಅಂತ ಅರ್ಥ, ಡಿಸ್ಕ್ ಬೆಸೆದಿದೆ ಅಂತಲ್ಲ. ಕಾಲರ್ ಬಿಚ್ಚಿದ ವಾರವೇ ತೆಗೆದ ಫಿಲ್ಮ್‌ಗಳ ಗತಿ ಹೆಚ್ಚಾಗಿ ಇದೇ. ಬೇರೆಯವರು ಕೈಯಿಂದ ತಲೆ ಒತ್ತಿ ಬಗ್ಗಿಸೋದು ಮಾತ್ರ ಬೇಡವೇ ಬೇಡ. ರೋಗಿ ತಾನಾಗಿ ಎಷ್ಟು ಬಗ್ಗಿಸ್ತಾನೋ ಅಷ್ಟು.

ಚಂದ್ರವಳ್ಳಿ (ಚಿತ್ರದುರ್ಗ, ರೇಡಿಯಾಲಜಿ)

ಮೇಲಿನದಕ್ಕೆ ಅಳತೆಯ ಭಾಗ ಸೇರಿಸುತ್ತೇನೆ.

ಡಿಸ್ಕ್‌ನ ಮೇಲಿನ ತಟ್ಟೆಗೆ ಒಂದು ಗೆರೆ, ಕೆಳಗಿನ ತಟ್ಟೆಗೆ ಒಂದು ಗೆರೆ, ಅವುಗಳ ನಡುವಿನ ಕೋನ. ಬಗ್ಗಿಸಿದಾಗಿನ ಕೋನಕ್ಕೂ ಎತ್ತಿದಾಗಿನ ಕೋನಕ್ಕೂ ಇರುವ ವ್ಯತ್ಯಾಸವೇ ಚಲನೆ. ಚೆನ್ನಾಗಿ ಕೆಲಸ ಮಾಡುವ ಕೃತಕ ಡಿಸ್ಕ್‌ನಲ್ಲಿ ಇದು ಸರಾಸರಿ 7ರಿಂದ 10 ಡಿಗ್ರಿ ಆಸುಪಾಸು ಇರುತ್ತದೆ. 2-3 ಡಿಗ್ರಿಗಿಂತ ಕಡಿಮೆ ಬಂದರೆ ಚಲನೆ ಇಲ್ಲವೆಂದೇ ಹಿಡಿಯುವುದು ರೂಢಿ. ಕೈಯಲ್ಲಿ ಗೆರೆ ಎಳೆದು ಅಳೆಯುವಾಗಿನ ತಪ್ಪೇ 2-3 ಡಿಗ್ರಿ ಇರುವುದರಿಂದ, ಹೋದ ವರ್ಷ 6 ಇದ್ದದ್ದು ಈ ವರ್ಷ 4 ಆಯಿತು ಎಂದು ಯಾರೂ ಗಾಬರಿಯಾಗಬೇಕಿಲ್ಲ. ಇನ್ನೊಂದು ಒರೆಗಲ್ಲು: ಆ ಎರಡು ಮಣಿಗಳ ಹಿಂದಿನ ಮುಳ್ಳುಗಳ ತುದಿಯ ನಡುವಿನ ದೂರ. ಹಿಗ್ಗಿಸಿದ ಚಿತ್ರದಲ್ಲಿ ಬಗ್ಗಿಸಿದಾಗ ಮತ್ತು ಎತ್ತಿದಾಗ ಈ ದೂರ 1 ಮಿ.ಮೀ. ಕೂಡ ಬದಲಾಗದಿದ್ದರೆ ಬೆಸೆದಿದೆ ಎನ್ನಬಹುದು.

ಎಕ್ಸ್‌ರೇಯಲ್ಲಿ ಮುಂದಿನ ಎಲುಬು ಚೆನ್ನಾಗಿ ಕಾಣುತ್ತದೆ. ಹಿಂದೆ, ಅಂದರೆ ಬೆನ್ನುಹುರಿಯ ಕಡೆಗೆ ಬೆಳೆದದ್ದು ಲೋಹದ ನೆರಳಲ್ಲಿ ಅಡಗಿಬಿಡುತ್ತದೆ. ರೋಗಿಗೆ ತೊಂದರೆ ಕೊಡುವುದು ಹೆಚ್ಚಾಗಿ ಈ ಹಿಂದಿನದೇ. ಆದ್ದರಿಂದ ಕೈನೋವು, ಜೋಮು, ಬಲಹೀನತೆ ಇದ್ದರೆ ಎಕ್ಸ್‌ರೇ ಸಾಲದು, ಸಿ.ಟಿ. ಬೇಕು. ಚೀಟಿಯಲ್ಲಿ ಸುಮ್ಮನೆ "ಸಿ.ಟಿ. ಕುತ್ತಿಗೆ" ಎಂದು ಬರೆದರೆ ಕುತ್ತಿಗೆಯ ಮೆದು ಭಾಗದ ಸ್ಕ್ಯಾನ್ ಮಾಡಿ ಕಳಿಸುವ ಸಂಭವ ಉಂಟು. "ಸರ್ವೈಕಲ್ ಸ್ಪೈನ್, 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್, ಬೋನ್ ವಿಂಡೋ, ಸ್ಯಾಜಿಟಲ್ ಮತ್ತು ಕೊರೊನಲ್ ರೀಫಾರ್ಮ್ಯಾಟ್, ಲೋಹದ ಆರ್ಟಿಫ್ಯಾಕ್ಟ್ ತಗ್ಗಿಸುವ ಪ್ರೋಗ್ರಾಂ ಇದ್ದರೆ ಅದೂ" ಎಂದು ಬರೆಸಿಕೊಳ್ಳಿ. ಹಿಂದಿನ ಆಪರೇಷನ್ ವಿವರವನ್ನೂ ಬರೆಸಿ. ಫಿಲ್ಮ್ ಜೊತೆ ಸಿ.ಡಿ. ಕೇಳಿ ಪಡೆಯಿರಿ. ಬೆಂಗಳೂರಿಗೋ ಹುಬ್ಬಳ್ಳಿಗೋ ಎರಡನೇ ಅಭಿಪ್ರಾಯಕ್ಕೆ ಹೋದಾಗ ಫಿಲ್ಮ್ ಹಾಳೆಯಲ್ಲಿ ಅಚ್ಚಾದ ಇಪ್ಪತ್ತು ಚಿತ್ರದಿಂದ ಅವರಿಗೆ ಏನೂ ಆಗುವುದಿಲ್ಲ, ಮತ್ತೆ ಸ್ಕ್ಯಾನ್ ಮಾಡಿಸುತ್ತಾರೆ.

ಎಂ.ಆರ್‌.ಐ. ನರ, ಬೆನ್ನುಹುರಿ ನೋಡಲು. ಯಾವ ಲೋಹದ ಡಿಸ್ಕ್ ಎನ್ನುವುದರ ಮೇಲೆ ಚಿತ್ರದ ಗುಣ ನಿಂತಿದೆ. ಟೈಟೇನಿಯಂ ಇದ್ದರೆ ಸುಮಾರಾಗಿ ಕಾಣುತ್ತದೆ, ಕೋಬಾಲ್ಟ್-ಕ್ರೋಮ್ ಇದ್ದರೆ ಅದೇ ಜಾಗ ಕಪ್ಪಾಗಿ ಬಿಡುತ್ತದೆ. ಇಂಥವರಿಗೆ 3 ಟೆಸ್ಲಾ ಯಂತ್ರಕ್ಕಿಂತ 1.5 ಟೆಸ್ಲಾದಲ್ಲೇ ಚಿತ್ರ ಕಡಿಮೆ ಕೆಡುತ್ತದೆ. "ದೊಡ್ಡ ಯಂತ್ರ, ಒಳ್ಳೆ ಚಿತ್ರ" ಎಂಬ ನಂಬಿಕೆ ಇಲ್ಲಿ ತಲೆಕೆಳಗು.

ಮಂಡಕ್ಕಿ ಭಟ್ಟಿ

ಬಹಳ ಉಪಕಾರ ಆಯ್ತು. ವರದಿಯಲ್ಲಿ ಚಲನೆ 5 ಡಿಗ್ರಿ ಅಂತ ಐತಿ. ಆದ್ರೆ ಈ ಎಲುಬು ಬೆಳೆಯೋದು ಯಾಕೆ? ಡಾಕ್ಟರ್ ಕೈಗುಣಾನಾ, ಡಿಸ್ಕ್ ಕಂಪನಿಯದಾ, ರೋಗಿಯ ಮೈಗುಣಾನಾ?

ಕಲ್ಲಿನಕೋಟೆ

ಮೂರೂ ಉಂಟು.

ಮೈಗುಣ: ಗಂಡಸರಲ್ಲಿ, ವಯಸ್ಸಾದವರಲ್ಲಿ, ಆಪರೇಷನ್‌ಗೆ ಮೊದಲೇ ಕುತ್ತಿಗೆ ಮಣಿಗಳಲ್ಲಿ ಸವೆತ ಮತ್ತು ಎಲುಬಿನ ಮುಳ್ಳುಗಳು ಇದ್ದವರಲ್ಲಿ ಹೆಚ್ಚು. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಡಿಶ್ ಎಂಬ ಎಲುಬು ಬೆಸೆಯುವ ಕಾಯಿಲೆ, ಬೆನ್ನುಹುರಿಯ ಮುಂದಿನ ಲಿಗಮೆಂಟ್ (ಮಣಿಗಳನ್ನು ಕಟ್ಟಿಹಿಡಿಯುವ ಪಟ್ಟಿ) ಎಲುಬಾಗುವ ಓ.ಪಿ.ಎಲ್‌.ಎಲ್‌. ಇಂಥವರಿಗೆ ಕೃತಕ ಡಿಸ್ಕ್ ಹಾಕಲೇಬಾರದು. ಹಾಕಿದರೆ ಬೆಸೆಯುವುದು ಹೆಚ್ಚುಕಡಿಮೆ ಖಾತ್ರಿ.

ಕೈಗುಣ: ನರ ಬಿಡಿಸಲು ಮಣಿಯ ಹಿಂದಿನ ಅಂಚನ್ನು ಡ್ರಿಲ್ ಮಾಡುತ್ತೇವೆ. ಆಗ ಹಾರುವ ಎಲುಬಿನ ಪುಡಿಯಲ್ಲಿ ಎಲುಬು ಬೆಳೆಸುವ ಕೋಶಗಳೂ ಅವನ್ನು ಪ್ರಚೋದಿಸುವ ಬಿ.ಎಂ.ಪಿ. ಎಂಬ ಪ್ರೋಟೀನೂ ಇರುತ್ತವೆ. ಪುಡಿ ಸ್ನಾಯುವಿನ ಸಂದಿಯಲ್ಲಿ ಉಳಿದರೆ ಬೀಜ ಬಿತ್ತಿ ಬಂದಂತೆಯೇ. ಆದ್ದರಿಂದ ಡ್ರಿಲ್ ಮಾಡುವಾಗಲೇ ಸಲೈನ್ ಬಿಡುತ್ತಾ ಹೀರುತ್ತಾ ಇರಬೇಕು, ಮುಗಿದ ಮೇಲೆ ಮತ್ತೆ ಧಾರಾಳವಾಗಿ ತೊಳೆಯಬೇಕು. ಹಸಿ ಎಲುಬು ಕಾಣುವ ಕಡೆ ಬೋನ್ ವ್ಯಾಕ್ಸ್ ಎಂಬ ಮೇಣ ತೆಳ್ಳಗೆ ಸವರುತ್ತೇವೆ. ಮಣಿಗಳ ಮುಂದಿನ ಎರಡು ಬದಿಯ ಲಾಂಗಸ್ ಕೊಲೈ ಸ್ನಾಯುವನ್ನು ಬೇಕಾದಷ್ಟೇ ಸರಿಸಬೇಕು, ಸುಡುವುದನ್ನು ಕಡಿಮೆ ಮಾಡಬೇಕು. ಗಾಯಗೊಂಡ ಸ್ನಾಯುವೇ ಎಲುಬು ಹುಟ್ಟುವ ನೆಲ. ಎಂಡ್‌ಪ್ಲೇಟ್, ಅಂದರೆ ಮಣಿಯ ಗಟ್ಟಿ ಮುಚ್ಚಳವನ್ನು ಉಜ್ಜಿ ತೆಗೆಯಬಾರದು. ಮೃದ್ವಸ್ಥಿ ಮಾತ್ರ ಕೆರೆಯಬೇಕು.

ಅಳತೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಡಿಸ್ಕ್‌ನ ತಟ್ಟೆ ಮಣಿಯ ಮುಖವನ್ನು ಮುಂದಿನಿಂದ ಹಿಂದಿನವರೆಗೆ ಸಾಧ್ಯವಾದಷ್ಟು ಮುಚ್ಚಬೇಕು. ಚಿಕ್ಕ ಸೈಜ್ ಹಾಕಿ ಹಿಂದಿನ ಅಂಚು ತೆರೆದು ಬಿಟ್ಟರೆ ಎಲುಬು ಅಲ್ಲಿಂದಲೇ ಚಾಚುತ್ತದೆ, ಅದೂ ನೇರ ಬೆನ್ನುಹುರಿಯ ಕಡೆಗೆ. ಎತ್ತರದ್ದು ಇದರ ತಿರುವುಮುರುವು. 5ರಿಂದ 7 ಮಿ.ಮೀ. ಎತ್ತರದವು ಸಾಮಾನ್ಯ. 5 ಸಾಕಾದ ಕಡೆ 7 ತುರುಕಿದರೆ ಹಿಂದಿನ ಕೀಲುಗಳು ಬಿಗಿದುಕೊಂಡು ಡಿಸ್ಕ್ ಮೊದಲ ದಿನದಿಂದಲೇ ಸರಿಯಾಗಿ ಅಲುಗಾಡುವುದಿಲ್ಲ, ನೋವೂ ಬರುತ್ತದೆ.

ಕಂಪನಿ, ಮಾದರಿ: ಅಮೆರಿಕದ ಔಷಧಿ, ವೈದ್ಯಕೀಯ ಉಪಕರಣಗಳ ನಿಯಂತ್ರಕ ಸಂಸ್ಥೆ ಎಫ್‌.ಡಿ.ಎ. 2007ರಲ್ಲಿ ಪ್ರೆಸ್ಟೀಜ್ ಮತ್ತು ಪ್ರೋಡಿಸ್ಕ್-ಸಿ, 2009ರಲ್ಲಿ ಬ್ರಯಾನ್, 2013ರಲ್ಲಿ ಮೋಬಿ-ಸಿ, 2019ರಲ್ಲಿ ಎಂ6-ಸಿ ಮಾದರಿಗಳಿಗೆ ಒಪ್ಪಿಗೆ ಕೊಟ್ಟಿತು. ಎಲ್ಲದರಲ್ಲೂ ಎಲುಬು ಬೆಳೆದ ವರದಿಗಳಿವೆ. ಪ್ರೋಡಿಸ್ಕ್-ಸಿ ಯಲ್ಲಿ ಮಣಿಯೊಳಗೆ ಕೂರುವ ಕೀಲ್ ಎಂಬ ಏಣು ಇರುತ್ತದೆ, ಅದಕ್ಕೆ ಎಲುಬಲ್ಲಿ ಕಾಲುವೆ ಕೊರೆಯಬೇಕು, ಕೊರೆದಷ್ಟೂ ಪುಡಿ. ಆದರೂ ಮಾದರಿಗಿಂತ ರೋಗಿಯ ಆಯ್ಕೆ, ತೊಳೆಯುವುದು, ಅಳತೆ ಇವೇ ಹೆಚ್ಚು ಅನ್ನುವುದು ನನ್ನ ಲೆಕ್ಕ.

ಥಿಯೇಟರ್ ಸಿಸ್ಟರ್ (ದಾವಣಗೆರೆ)

ಸರ್, ಒಂದು ಮಾತು ಸೇರಿಸ್ತೀನಿ. ಇಂಪ್ಲಾಂಟ್ ಪೆಟ್ಟಿಗೆಯಲ್ಲಿ ಸ್ಟಿಕ್ಕರ್‌ಗಳು ಇರ್ತವೆ: ಮಾದರಿ, ಸೈಜ್, ಲಾಟ್ ನಂಬರ್. ಒಂದು ಕೇಸ್ ಶೀಟ್‌ಗೆ, ಒಂದು ಬಿಲ್‌ಗೆ, ಒಂದು ರೋಗಿಯ ಡಿಸ್ಚಾರ್ಜ್ ಕಾರ್ಡ್‌ಗೆ ಅಂಟಿಸಬೇಕು. ಡಿಸ್ಚಾರ್ಜ್ ದಿನ ಮನೆಯವರು ಇದನ್ನ ಕೇಳಿ ಅಂಟಿಸ್ಕೊಂಡು ಹೋಗ್ರಿ, ಮೊಬೈಲ್‌ನಲ್ಲಿ ಫೋಟೋನೂ ಇಟ್ಕೊಳ್ರಿ. ಐದಾರು ವರ್ಷದ ನಂತರ ಎಂ.ಆರ್‌.ಐ. ಮಾಡುವಾಗ ಯಾವ ಲೋಹ ಅಂತ ಕೇಳ್ತಾರೆ. ಡಿಸ್ಕ್ ತೆಗೀಬೇಕಾಗಿ ಬಂದ್ರೆ ಆ ಮಾದರಿಗೇ ಬೇಕಾದ ಹತಾರ ಕಂಪನಿಯಿಂದ ತರಿಸಬೇಕು. ಸ್ಟಿಕ್ಕರ್ ಇಲ್ಲದಿದ್ರೆ ಎಕ್ಸ್‌ರೇ ನೋಡಿ ಊಹೆ ಮಾಡೋ ಪಾಡು.

ಔಷಧಿ ಅಂಗಡಿ (ಹರಿಹರ ರಸ್ತೆ, ದಾವಣಗೆರೆ)

ಮಾತ್ರೆ ಬಗ್ಗೆ ಕೇಳಿದ್ರಿ. ಬೆಳೆದು ಗಟ್ಟಿಯಾದ ಎಲುಬನ್ನ ಯಾವ ಮಾತ್ರೆಯೂ ಕರಗಿಸಲ್ಲ. ಸುಣ್ಣ ಕರಗಿಸೋ ಪುಡಿ, ಕಷಾಯ ಅಂತ ಯಾರಾದ್ರೂ ಕೊಟ್ರೆ ದುಡ್ಡು ದಂಡ. ಕ್ಯಾಲ್ಸಿಯಂ ತಿನ್ನೋದು ಬಿಟ್ರೆ ನಿಲ್ಲುತ್ತೆ ಅನ್ನೋದೂ ಸುಳ್ಳು, ಹಾಲು ಮೊಸರು ಬಿಡಬೇಡ್ರಿ.

ತಡೆಯೋಕೆ ಅಂತ ಕೊಡೋದು ನೋವಿನ ಮಾತ್ರೆಗಳ ಗುಂಪು. ಇಂಡೊಮೆಥಾಸಿನ್ 25 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಇಲ್ಲಾ 75 ಮಿ.ಗ್ರಾಂ. ನಿಧಾನ ಕರಗುವುದು ಒಂದು ಸಲ. ಕೆಲವರು ಐಬುಪ್ರೊಫೇನ್, ಸೆಲೆಕಾಕ್ಸಿಬ್ ಬರೀತಾರೆ. ಆಪರೇಷನ್ ಆದ ಒಂದೆರಡು ದಿನದಲ್ಲಿ ಶುರು, ಸಾಮಾನ್ಯವಾಗಿ ಎರಡು ವಾರ, ಕೆಲವರು ಆರು ವಾರದವರೆಗೂ. ಹೊಸ ಎಲುಬಿನ ಕೋಶ ತಯಾರಾಗೋಕೆ ಪ್ರೊಸ್ಟಗ್ಲಾಂಡಿನ್ ಅನ್ನೋ ಮೈಯೊಳಗಿನ ರಾಸಾಯನಿಕ ಬೇಕು, ಈ ಮಾತ್ರೆ ಅದನ್ನ ತಗ್ಗಿಸ್ತದೆ. ಆ ಕೋಶಗಳು ತಯಾರಾಗೋದು ಮೊದಲ ಕೆಲವು ವಾರದಲ್ಲೇ. ಎರಡು ವರ್ಷದ ಮೇಲೆ ವರದಿ ನೋಡಿ ಇಂಡೊಮೆಥಾಸಿನ್ ತಿಂದ್ರೆ ಹೊಟ್ಟೆ ಉರಿಯುತ್ತೆ, ಎಲುಬು ಹಂಗೇ ಇರ್ತದೆ.

ಯಾರಿಗೆ ಬೇಡ: ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಸ್ಟೆಂಟ್, ರಕ್ತ ತೆಳುಮಾಡೋ ಮಾತ್ರೆ ಇರೋರಿಗೆ, ಮೂಗು ಕಟ್ಟಿ ಉಬ್ಬಸ ಬರೋರಿಗೆ. ಬಿ.ಪಿ.ಗೆ ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಕೂಡಿದ ಮಾತ್ರೆ ತಿನ್ನೋರು ಬಹಳ ಜನ. ಅದರ ಮೇಲೆ ಇಂಡೊಮೆಥಾಸಿನ್ ಬಿದ್ರೆ ಕಿಡ್ನಿಗೆ ಮೂರು ಕಡೆಯಿಂದ ಏಟು. ಶುರು ಮಾಡೋ ಮುಂಚೆ ಮತ್ತು ಒಂದು ವಾರಕ್ಕೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡಿಸ್ರಿ. ಊಟದ ನಂತರವೇ ತಿನ್ನಬೇಕು, ಜೊತೆಗೆ ಹೊಟ್ಟೆಯ ಆಮ್ಲ ತಗ್ಗಿಸೋ ಪ್ಯಾಂಟೊಪ್ರಜೋಲ್ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಮಲ ಕಪ್ಪಾದ್ರೆ ಅದೇ ದಿನ ನಿಲ್ಲಿಸಿ ಆಸ್ಪತ್ರೆಗೆ.

ಅಂಗಡಿಗೆ ಬಂದು "ಪಕ್ಕದ ಮನೆಯವರಿಗೂ ಕುತ್ತಿಗೆ ಆಪರೇಷನ್ ಆಗಿತ್ತು, ಅದೇ ಮಾತ್ರೆ ಕೊಡಿ" ಅನ್ನೋರಿಗೆ ನಾವು ಕೊಡೋದಿಲ್ಲ. ಕಾರಣ ಕಲ್ಲಿನಕೋಟೆ ಸರ್ ಹೇಳ್ಲಿ.

ಕಲ್ಲಿನಕೋಟೆ

ಕಾರಣ ಇದು: ಫ್ಯೂಷನ್ ಆಪರೇಷನ್‌ನಲ್ಲಿ ನಮಗೆ ಎಲುಬು ಬೆಳೆಯಬೇಕು. ಕೃತಕ ಡಿಸ್ಕ್‌ನಲ್ಲಿ ಬೆಳೆಯಬಾರದು. ಒಬ್ಬರಿಗೆ ನಾವು ಬರೆದು ಕೊಡುವ ಮಾತ್ರೆಯನ್ನೇ ಇನ್ನೊಬ್ಬರಿಗೆ ಮೊದಲ ವಾರಗಳಲ್ಲಿ ಮುಟ್ಟಬೇಡಿ ಎನ್ನುತ್ತೇವೆ. ಹೊರಗಿನಿಂದ ಇಬ್ಬರ ಕುತ್ತಿಗೆಯ ಹೊಲಿಗೆಯೂ ಒಂದೇ, ಮುಂದುಗಡೆ ಅಡ್ಡಕ್ಕೆ ಸಣ್ಣ ಗೆರೆ. ಎರಡು ಜಾಗದಲ್ಲಿ ಒಂದು ಕಡೆ ಡಿಸ್ಕ್, ಇನ್ನೊಂದು ಕಡೆ ಫ್ಯೂಷನ್ ಮಾಡಿದ ಹೈಬ್ರಿಡ್ ಕೇಸುಗಳೂ ಇವೆ, ಅಲ್ಲಿ ಸರ್ಜನ್ ಒಬ್ಬರೇ ತೀರ್ಮಾನಿಸಬೇಕು.

ಇನ್ನೂ ಒಂದು. ಮಾತ್ರೆಯಿಂದ ಕುತ್ತಿಗೆಯಲ್ಲಿ ಎಷ್ಟು ಉಪಯೋಗ ಎಂಬುದಕ್ಕೆ ಗಟ್ಟಿ ಪುರಾವೆ ಕಡಿಮೆ. ಸೊಂಟದ ಕೀಲು ಬದಲಾವಣೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದನ್ನು ಇಲ್ಲಿಗೆ ತಂದದ್ದು. ಅಲ್ಲಿ ಕೊಡುವ 7-8 ಗ್ರೇ ಒಂದೇ ಡೋಸ್ ರೇಡಿಯೇಷನ್ ಅನ್ನು ಕುತ್ತಿಗೆಗೆ ವಾಡಿಕೆಯಾಗಿ ಕೊಡುವುದಿಲ್ಲ. ಥೈರಾಯ್ಡ್, ಅನ್ನನಾಳ, ಬೆನ್ನುಹುರಿ ಎಲ್ಲ ಅಲ್ಲೇ ಇವೆ. ಆದ್ದರಿಂದ ಕಿಡ್ನಿ ಸರಿ ಇಲ್ಲದವರಿಗೆ ಮಾತ್ರೆ ಕೊಡದೆ ಬಿಟ್ಟರೆ ದೊಡ್ಡ ನಷ್ಟವಾಯಿತೆಂದು ನಾನು ತಿಳಿಯುವುದಿಲ್ಲ.

ಜಗಳೂರು ಸೀಮೆ

ನಮ್ಮ ಕಡೆಯ ಒಂದು ವಿಷಯ ಯಾರೂ ಎತ್ತಲಿಲ್ಲ: ಫ್ಲೋರೈಡ್. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಪ್ಪಿತ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಹತ್ತಿಪ್ಪತ್ತು ವರ್ಷ ಅದಕ್ಕಿಂತ ಹೆಚ್ಚಿನದನ್ನು ಕುಡಿದವರಲ್ಲಿ ಎಲುಬು ದಪ್ಪಗಟ್ಟುತ್ತದೆ, ಲಿಗಮೆಂಟುಗಳು ಎಲುಬಾಗುತ್ತವೆ, ಬೆನ್ನೆಲುಬು ಬಿದಿರಿನ ಹಾಗೆ ಸೆಟೆಯುತ್ತದೆ. ಕುತ್ತಿಗೆಯಲ್ಲಿ ಬೆನ್ನುಹುರಿಯ ದಾರಿಯೇ ಕಿರಿದಾಗುತ್ತದೆ. ಇದನ್ನು ಡಿಸ್ಕ್‌ನಿಂದ ಬೆಳೆದ ಎಲುಬು ಎಂದು ತಿಳಿಯಬಾರದಲ್ಲವೇ?

ಚಂದ್ರವಳ್ಳಿ

ಒಳ್ಳೆಯ ಪ್ರಶ್ನೆ, ಇಲ್ಲಿಯ ವೈದ್ಯರು ಮರೆಯಬಾರದ್ದು ಕೂಡ. ಗುರುತು ಹಿಡಿಯುವುದು ಕಷ್ಟವಲ್ಲ. ಆಪರೇಷನ್ ಆದ ಒಂದೇ ಜಾಗದಲ್ಲಿ ಎಲುಬಿದ್ದು ಮೇಲೆ ಕೆಳಗೆ ಇಲ್ಲದಿದ್ದರೆ ಅದು ಎಚ್‌.ಓ. ಎಲ್ಲ ಮಣಿಗಳೂ ಬಿಳಿಚಿ ದಪ್ಪಗಿದ್ದು, ಆಪರೇಷನ್ ಮಾಡದ ಜಾಗದ ಲಿಗಮೆಂಟೂ ಎಲುಬಾಗಿದ್ದರೆ ಮುಂಗೈಯ ಒಂದು ಎಕ್ಸ್‌ರೇ ತೆಗೆಸಿ. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆ ಎಲುಬಾಗಿ ಮುಳ್ಳುಮುಳ್ಳಾಗಿ ಕಂಡರೆ ಫ್ಲೋರೋಸಿಸ್ ಎಂದು ಬಲವಾಗಿ ಅನುಮಾನಿಸಬಹುದು. ಜೊತೆಗೆ ಮೂತ್ರದ ಫ್ಲೋರೈಡ್, ರಕ್ತದ ಆಲ್ಕಲೈನ್ ಫಾಸ್ಫಟೇಸ್, ಮನೆ ನೀರಿನ ಪರೀಕ್ಷೆ. ಇವೆಲ್ಲ ಡಿಸ್ಕ್ ಹಾಕುವ ಮೊದಲು ಆಗಬೇಕಾದ ಕೆಲಸ. ಅಂಥ ಕುತ್ತಿಗೆಗೆ ಅಲುಗಾಡುವ ಡಿಸ್ಕ್‌ನಿಂದ ಪ್ರಯೋಜನವಿಲ್ಲ.

ನೀರು ಕಾಯಿಸಿ ಆರಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆರ್‌.ಓ. ನೀರು ಅಥವಾ ನದಿ, ಜಲಾಶಯದ ನೀರು ಬಳಸಬೇಕು, ಅಡಿಗೆಗೂ.

ಭುಜಬಲ (ದಾವಣಗೆರೆ, ಫಿಸಿಯೋಥೆರಪಿ)

ಬಿಗಿತದ ಬಗ್ಗೆ ನಾನು ಹೇಳ್ತೀನಿ. ಕೃತಕ ಡಿಸ್ಕ್ ಆದೋರಿಗೆ ಕಾಲರ್ ಬೇಕಾಗೋದೇ ಕಡಿಮೆ, ಕೊಟ್ರೂ ಸ್ವಲ್ಪ ದಿನ. ತಿಂಗಳುಗಟ್ಟಲೆ ಹಾಕ್ಕೊಂಡ್ರೆ ಅಲುಗಾಡಬೇಕಾದ ಡಿಸ್ಕನ್ನ ಕಟ್ಟಿಹಾಕಿದಂಗೆ. ಸರ್ಜನ್ ಒಪ್ಪಿದ ಮೇಲೆ ಮೊದಲ ವಾರಗಳಲ್ಲೇ ನೋವಿನ ಮಿತಿಯೊಳಗೆ ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸೋದು, ಗದ್ದ ಒಳಕ್ಕೆ ಎಳೆಯೋದು, ಭುಜದ ಹಲಗೆಗಳನ್ನ ಹಿಂದಕ್ಕೆ ಕೂಡಿಸೋದು. ಒಂದೊಂದೂ 8-10 ಸಲ, ದಿನಕ್ಕೆ ಮೂರು ಹೊತ್ತು. ಆರು ವಾರದವರೆಗೆ 4-5 ಕೆ.ಜಿ. ಮೇಲೆ ಎತ್ತಬಾರದು; ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಎರಡೂ ಅದಕ್ಕಿಂತ ಭಾರ. ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳದ ಚೀಲ ಹೊರೋರು ತಲೆ, ಕುತ್ತಿಗೆ ಮೇಲಿನ ಹೊರೆಗೆ ವಾಪಸ್ ಹೋಗೋ ಮುಂಚೆ ಸರ್ಜನ್ ಕೇಳಲೇಬೇಕು. ನನ್ನನ್ನ ಕೇಳಿದ್ರೆ ಹೋಗಲೇಬಾರದು.

ಎಲುಬಿನ ಸೇತುವೆ ಕಟ್ಟಿದ ಮೇಲೆ ಅದನ್ನ ವ್ಯಾಯಾಮದಿಂದ ಮುರಿಯೋಕೆ ಹೋಗಬೇಡ್ರಿ. ಜೋರು ಮಾಡಿ ಎಳೆಯೋದು, ಟ್ರ್ಯಾಕ್ಷನ್ ಹಾಕೋದು, ಕಟಿಂಗ್ ಶಾಪ್‌ನಲ್ಲಿ ಕತ್ತು ಹಿಡಿದು ಲಟಕ್ ಅನ್ನಿಸೋದು ಮೂರೂ ನಿಷಿದ್ಧ. ಈ ಕೊನೇದು ಆಪರೇಷನ್ ಆಗದೇ ಇರೋರಿಗೂ ಅಪಾಯವೇ. ಅಂಥವರಲ್ಲಿ ನಾವು ಮೇಲಿನ ಕೆಳಗಿನ ಜಾಗಗಳ ಚಲನೆ ಮತ್ತು ಬೆನ್ನಿನ ಮೇಲ್ಭಾಗ ಸಡಿಲ ಮಾಡ್ತೀವಿ. ಒಂದು ಜಾಗದ ಐದಾರು ಡಿಗ್ರಿ ಕಡಿಮೆಯಾದದ್ದು ಹೆಚ್ಚಿನೋರಿಗೆ ದಿನದ ಕೆಲಸದಲ್ಲಿ ಗೊತ್ತೂ ಆಗಲ್ಲ.

ಮಂಡಕ್ಕಿ ಭಟ್ಟಿ

ಸರಿ. ಹಂಗಾದ್ರೆ ಯಾವಾಗ ಓಡಬೇಕು? ಕೈಗೆ ಜೋಮು ಬಂದ್ರೆ ಅದು ಇದರಿಂದಲೇ ಅಂತ ಹೆಂಗೆ ತಿಳಿಯೋದು?

ಕಲ್ಲಿನಕೋಟೆ

ಸಿ5-6ರಲ್ಲಿ ಒತ್ತುವುದು ಆರನೇ ನರವನ್ನು: ಹೆಬ್ಬೆರಳು, ತೋರುಬೆರಳಿನ ಕಡೆ ಜೋಮು, ಮೊಣಕೈ ಮಡಚುವ ಮತ್ತು ಮಣಿಕಟ್ಟು ಮೇಲೆತ್ತುವ ಬಲ ಕಡಿಮೆ. ಸಿ6-7ರಲ್ಲಿ ಏಳನೇ ನರ: ನಡುಬೆರಳು, ಮೊಣಕೈ ಚಾಚುವ ಬಲ. ಕಿರುಬೆರಳಿನ ಜೋಮಿಗೆ ಸಿ5-6ರ ಎಲುಬನ್ನು ದೂರಬೇಡಿ, ಮೊಣಕೈ ಹತ್ತಿರ ನರ ಒತ್ತಿರಬಹುದು. ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹೋಗುವ ಜೋಮು ಹೆಚ್ಚಾಗಿ ಮಣಿಕಟ್ಟಿನಲ್ಲಿ ನರ ಒತ್ತುವ ಕಾರ್ಪಲ್ ಟನಲ್. ಸಂದೇಹವಿದ್ದರೆ ನರದ ವಹನ ಪರೀಕ್ಷೆ ಎರಡನ್ನೂ ಬೇರ್ಪಡಿಸುತ್ತದೆ.

ತಡಮಾಡದೆ ಬರಬೇಕಾದದ್ದು: ಅಂಗಿ ಗುಂಡಿ ಹಾಕಲು, ಅನ್ನ ಕಲಸಲು, ರಂಗೋಲಿ ಎಳೆ ಬಿಡಲು ಬೆರಳು ಕೇಳದಿರುವುದು; ನಡೆಯುವಾಗ ತೂರಾಡುವುದು, ಚಪ್ಪಲಿ ಜಾರಿದ್ದು ತಿಳಿಯದಿರುವುದು; ಕತ್ತು ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟ್ ಹೊಡೆದಂತಾಗುವುದು; ಮೂತ್ರ ಹಿಡಿತ ತಪ್ಪುವುದು. ಇವು ಬೆನ್ನುಹುರಿಯ ಲಕ್ಷಣ. ಇವಕ್ಕೆ ವಾರಗಟ್ಟಲೆ ಮಾತ್ರೆ ತಿನ್ನುತ್ತಾ ಕೂರಬಾರದು.

ಎಲುಬು ಬೆಳೆದಿದೆ ಅಂದಮಾತ್ರಕ್ಕೆ ನೋವಿಗೆಲ್ಲ ಅದೇ ಕಾರಣವೂ ಅಲ್ಲ. ಜ್ವರ, ರಾತ್ರಿ ನೋವು ಇದ್ದರೆ ಇ.ಎಸ್‌.ಆರ್‌., ಸಿ.ಆರ್‌.ಪಿ. ಮಾಡಿಸಿ ಸೋಂಕು ನೋಡಬೇಕು. ಡಿಸ್ಕ್ ಮಣಿಯೊಳಗೆ ಕುಸಿದಿದೆಯೇ, ಸಡಿಲವಾಗಿದೆಯೇ, ಪಕ್ಕದ ಜಾಗ ಸವೆದಿದೆಯೇ ನೋಡಬೇಕು. ತದ್ವಿರುದ್ಧವಾಗಿ ಎಲುಬು ಕರಗುವುದೂ ಉಂಟು. ಮೊದಲ ವರ್ಷದಲ್ಲಿ ಮಣಿಯ ಮುಂದಿನ ಅಂಚು ಸ್ವಲ್ಪ ಕರಗಿ ಅಲ್ಲಿಗೇ ನಿಂತರೆ ಚಿಂತೆ ಇಲ್ಲ. ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋದರೆ ಚಿಂತೆ. ಎಂ6-ಸಿ ಹಾಕಿದ ಕೆಲವರಲ್ಲಿ ಇದು ವರದಿಯಾಗಿದೆ.

ಆಪರೇಷನ್ ಬೇಕಾದರೆ ಎರಡು ದಾರಿ. ನರದ ಕಿಂಡಿ ಮಾತ್ರ ಮುಚ್ಚಿದ್ದರೆ ಹಿಂದಿನಿಂದ ಹೋಗಿ ಕಿಂಡಿ ಅಗಲಿಸುವುದು, ಅಂದರೆ ಫೊರಾಮಿನೊಟಮಿ, ಡಿಸ್ಕ್ ಮುಟ್ಟುವುದಿಲ್ಲ. ಹಿಂದಿನ ಕೀಲಿನ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು, ತೆಗೆದರೆ ಆ ಜಾಗ ಸಡಿಲವಾಗುತ್ತದೆ. ಬೆನ್ನುಹುರಿಯನ್ನೇ ಮುಂದಿನಿಂದ ಒತ್ತಿದ್ದರೆ ಡಿಸ್ಕ್ ತೆಗೆದು, ಎಲುಬು ಕೊರೆದು, ಕೇಜ್ (ಮಣಿಗಳ ನಡುವೆ ಕೂರುವ ಚೌಕಟ್ಟು) ಮತ್ತು ಪ್ಲೇಟ್ ಹಾಕಿ ಫ್ಯೂಷನ್ ಮಾಡುವುದು. ಹಳೆಯ ಗಾಯದ ಅಂಟಿನಲ್ಲಿ ಅನ್ನನಾಳ ಮತ್ತು ಧ್ವನಿಯ ನರಕ್ಕೆ ಅಪಾಯ ಹೆಚ್ಚು. ಕುತ್ತಿಗೆಯ ಇನ್ನೊಂದು ಬದಿಯಿಂದ ಹೋಗುವುದಾದರೆ ಮೊದಲು ಇ.ಎನ್‌.ಟಿ. ವೈದ್ಯರಿಂದ ಧ್ವನಿಪೆಟ್ಟಿಗೆ ನೋಡಿಸಲೇಬೇಕು. ಹಿಂದಿನ ಆಪರೇಷನ್‌ನಲ್ಲಿ ಒಂದು ಕಡೆಯ ನರ ಸದ್ದಿಲ್ಲದೆ ಸೋತಿದ್ದು, ಈಗ ಇನ್ನೊಂದಕ್ಕೂ ಪೆಟ್ಟಾದರೆ ಉಸಿರಾಟಕ್ಕೇ ಕುತ್ತು. ಎಲುಬು ಕೆತ್ತಿ ತೆಗೆದು ಡಿಸ್ಕ್ ಮತ್ತೆ ಅಲುಗಾಡಿಸೋಣ ಎಂದು ಮಾಡುವ ಆಪರೇಷನ್ ನನಗೆ ಒಪ್ಪಿಗೆಯಿಲ್ಲ. ಆ ಕೆತ್ತನೆಯೇ ಹೊಸ ಎಲುಬಿಗೆ ಕಾರಣವಾಗುತ್ತದೆ.

ಮಂಡಕ್ಕಿ ಭಟ್ಟಿ

ಅರ್ಥ ಆಯ್ತು ಸರ್. ಕೊನೇದಾಗಿ, ಎಕ್ಸ್‌ರೇ ಎಷ್ಟು ದಿನಕ್ಕೊಮ್ಮೆ ತೆಗೆಸಬೇಕು? ಪ್ರತೀ ಸಲ ಸಿ.ಟಿ. ಬೇಕಾ?

ಚಂದ್ರವಳ್ಳಿ

ಸಾಮಾನ್ಯ ಕ್ರಮ ಆರು ವಾರ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ. ಬಗ್ಗಿಸಿ ಎತ್ತಿ ತೆಗೆಯುವ ಫಿಲ್ಮ್‌ಗಳನ್ನು ಆರು ವಾರಕ್ಕಿಂತ ಮೊದಲು ಬೇಡ. ಆಮೇಲೆ ಲಕ್ಷಣ ಇಲ್ಲದಿದ್ದರೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಸಾಕು. ನಿಮ್ಮವರಿಗೆ ಈಗ ಸಿ.ಟಿ. ಬೇಡ. ಸುಮ್ಮನೆ ವಿಕಿರಣ, ಸುಮ್ಮನೆ ಖರ್ಚು. ಉತ್ತರ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ. ಮುಂದಿನ ವರ್ಷ ಅದೇ ಸೆಂಟರ್‌ನಲ್ಲಿ, ಅದೇ ದೂರದಲ್ಲಿ ಪಕ್ಕದಿಂದ ಮೂರು ಫಿಲ್ಮ್ ತೆಗೆಸಿ. ಹಳೆಯ ಸಿ.ಡಿ. ಜೊತೆಯಲ್ಲಿ ಒಯ್ಯಿರಿ. ಕೈಯಲ್ಲಿ ಜೋಮು, ಬಲಹೀನತೆ ನಡುವೆಯೇ ಬಂದರೆ ವರ್ಷ ಕಾಯಬೇಡಿ.

ಎಕ್ಸ್‌ರೇ ಕೋಣೆ

ಬರುವಾಗ ಸರ, ಕಿವಿಯೋಲೆ, ಕುತ್ತಿಗೆ ದಾರ, ತಾಯಿತ ಎಲ್ಲ ಮನೆಯಲ್ಲೇ ತೆಗೆದಿಟ್ಟು ಬರ್ರಿ. ಸಿ5-6 ಮೇಲೆ ಬೆಳ್ಳಿ ತಾಯಿತ ಕೂತ ಫಿಲ್ಮ್‌ನಲ್ಲಿ ಯಾವ ದರ್ಜೆಯೂ ಕಾಣಲ್ಲ.